ಮರದ ಮೇಲೆ ಗಂಟೆಗಟ್ಟಲೆ ಕೂರಲು ನಾನು ಆರಿಸಿಕೊಂಡ ಜಾಕೆಟ್

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಂದೂಕಿನ ಜಿಂಕೆ ಬೇಟೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ 9 ದಿನ ನಡೆಯುತ್ತದೆ. ಅಂದರೆ ನವೆಂಬರ್ ಕೊನೆಯ ಚಳಿ. ಉತ್ತರದ ಹೇವರ್ಡ್ ಸುತ್ತಲಿನ ಕಾಡಿನಲ್ಲಿ ಬೆಳಗಿನ ಜಾವ ಮೈನಸ್ 10 ಡಿಗ್ರಿ ಸೆಲ್ಸಿಯಸ್ ಆದರೆ ಯಾರೂ ಹುಬ್ಬೇರಿಸುವುದಿಲ್ಲ. ಅದರ ಜೊತೆ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಬರೀ ಮುಖಕ್ಕೆ ಅದು ಮೈನಸ್ 20ರಂತೆ ಕೊರೆಯುತ್ತದೆ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಗುಂಡು ಹಾರಿಸಲು ಅವಕಾಶ ಇರುವುದರಿಂದ ಕತ್ತಲಲ್ಲೇ ಮರ ಹತ್ತಿ ಕೂತಿರಬೇಕು. ಆಮೇಲೆ ಅಲುಗಾಡುವ ಹಾಗಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಮುಗಿದ ಮಾತು. ಇಲ್ಲಿ ಹಾಗಲ್ಲ, ಲೈಸೆನ್ಸ್ ಪಡೆದು ಕಾನೂನಿನೊಳಗೆ ಆಡಬಹುದು. 1973ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಸುರಕ್ಷತಾ ತರಬೇತಿ ಮುಗಿಸಿರಬೇಕು. ಆ ತರಬೇತಿ ಮುಗಿಸಿದ ನಮ್ಮ ಕನ್ನಡದ ಹುಡುಗರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಬಂದೂಕಿನದಲ್ಲ. "ಅಣ್ಣಾ, ಯಾವ ಜಾಕೆಟ್ ತಗೊಳ್ಲಿ?" ಒಳ್ಳೆಯ ಪ್ರಶ್ನೆ. ಚಳಿ ತಡೆಯಲಾಗದೆ ಹತ್ತು ಗಂಟೆಗೇ ಇಳಿದು ಕಾರಿಗೆ ಹೋದವನಿಗೆ ಎಷ್ಟು ಒಳ್ಳೆಯ ಬಂದೂಕು ಇದ್ದರೇನು?

ನಾನು ಅವರಿಗೆ ಮೊದಲು ಹೇಳುವುದು ಇಷ್ಟು: ಈ ಜಾಕೆಟ್ ಕೂರುವುದಕ್ಕೆ, ನಡೆಯುವುದಕ್ಕಲ್ಲ. ಕಾರಿನಿಂದ ಮರದ ತನಕ ಹಿಮ ತುಳಿಯುತ್ತಾ ಬೆನ್ನಿಗೆ ಚೀಲ, ಹೆಗಲಿಗೆ ಬಂದೂಕು ಹೊತ್ತು ನಡೆದರೆ ಎಂಥ ಚಳಿಯಲ್ಲೂ ಬೆವರುತ್ತದೆ. ದಪ್ಪ ಜಾಕೆಟ್ ಹಾಕಿಕೊಂಡೇ ನಡೆದರಂತೂ ಒಳಬಟ್ಟೆ ತೊಪ್ಪೆ. ನಿಂತ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಜಾಸ್ತಿ ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಕೂತ ಸ್ವಲ್ಪ ಹೊತ್ತಿಗೇ ಬೆನ್ನು ನಡುಗಲು ಶುರು. ಆಗ ಮೇಲೆ ಎಷ್ಟು ದುಬಾರಿ ಜಾಕೆಟ್ ಇದ್ದರೂ ಒಳಗಿನ ಒದ್ದೆ ಬಿಡುವುದಿಲ್ಲ.

ಹಾಗಾಗಿ ನಾನು ಮೆರಿನೋ ಉಣ್ಣೆಯ ಬನಿಯನ್, ಅದರ ಮೇಲೊಂದು ತೆಳು ಫ್ಲೀಸ್, ಇಷ್ಟರಲ್ಲೇ ನಡೆಯುತ್ತೇನೆ. ಹೊರಟಾಗ ಸ್ವಲ್ಪ ಚಳಿ ಅನ್ನಿಸಬೇಕು. ಜಾಕೆಟ್ ಚೀಲದಲ್ಲಿರುತ್ತದೆ. ಮರದ ಬುಡದಲ್ಲಿ ನಿಂತು, ಫ್ಲೀಸಿನ ಜಿಪ್ ಬಿಚ್ಚಿ, ಮೈ ಬಿಸಿ ಇಳಿಯಲು ಬಿಡುತ್ತೇನೆ. ಬನಿಯನ್ ಒದ್ದೆ ಆಗಿದ್ದರೆ ಅಲ್ಲೇ ಬದಲಿಸುತ್ತೇನೆ, ಟೋಪಿಯನ್ನೂ. ಆಮೇಲೆ ಜಾಕೆಟ್. ಉಣ್ಣೆ ತೇವ ಆದರೂ ಬೆಚ್ಚಗಿಡುತ್ತದೆ ಅಂತ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಂಬಳಿ ಕೊಪ್ಪೆ ಹೊದ್ದು ಮಳೆಯಲ್ಲಿ ನಾಟಿ ಮಾಡಿದವರ ಮಕ್ಕಳು ನಾವು.

ಇನ್ನು ಒಳಗೆ ಏನು ತುಂಬಿರಬೇಕು ಅನ್ನುವ ವಿಷಯ. ಬಾತುಕೋಳಿ, ಹೆಬ್ಬಾತುಗಳ ಮೆದುಗರಿ, ಅಂದರೆ ಡೌನ್, ತೂಕಕ್ಕೆ ಹೋಲಿಸಿದರೆ ಎಲ್ಲಕ್ಕಿಂತ ಬೆಚ್ಚಗೆ. ಲೇಬಲ್ ಮೇಲೆ 650, 800 ಅಂತ ಬರೆದಿರುವುದು ಒಂದು ಔನ್ಸ್ ಡೌನ್ ಎಷ್ಟು ಘನ ಇಂಚು ಜಾಗಕ್ಕೆ ಉಬ್ಬುತ್ತದೆ ಅನ್ನುವ ಲೆಕ್ಕ. ಉಬ್ಬಿದಷ್ಟೂ ಒಳಗೆ ಗಾಳಿ ನಿಲ್ಲುತ್ತದೆ, ಆ ಗಾಳಿಯೇ ಬೆಚ್ಚಗಿಡುವುದು. ಆದರೆ ಡೌನ್ ನೆನೆದರೆ ಮುದ್ದೆಯಾಗುತ್ತದೆ. ನವೆಂಬರ್ ಕೊನೆಯಲ್ಲಿ ಇಲ್ಲಿ ಒಣ ಹಿಮವೇ ಬೀಳುತ್ತದೆ ಅಂತ ನಂಬುವ ಹಾಗಿಲ್ಲ. ಮಳೆ ಬೆರೆತ ಹಿಮವೂ ಬೀಳುತ್ತದೆ. ಅದಕ್ಕೇ ನಾನು ಸಿಂಥೆಟಿಕ್ ಕಡೆ ವಾಲಿದೆ. ಪ್ರೈಮಾಲಾಫ್ಟ್ ಅನ್ನುವ ಸಿಂಥೆಟಿಕ್ ತುಂಬು ಹುಟ್ಟಿದ್ದೇ ಅಮೆರಿಕದ ಸೈನ್ಯಕ್ಕೆ ಡೌನ್‌ಗೆ ಬದಲಿ ಬೇಕು ಅಂತ, 1980ರ ದಶಕದಲ್ಲಿ. ಪಕ್ಕದ ಮಿನ್ನೆಸೋಟದ 3ಎಂ ಕಂಪನಿಯ ಥಿನ್ಸುಲೇಟ್ ಇನ್ನೂ ಹಳೆಯದು. ಇವುಗಳ ಮೇಲಿನ 60, 100, 200 ಅನ್ನುವ ಅಂಕಿ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತುಂಬಿದ್ದಾರೆ ಅನ್ನುವುದು. ಒಂದು ಬಗೆಯ 100 ಇನ್ನೊಂದು ಬಗೆಯ 100ಕ್ಕೆ ಸಮ ಅಲ್ಲ. ಒಂದೇ ಸರಕಿನೊಳಗೆ ಮಾತ್ರ ಹೋಲಿಸಿ. ನನ್ನದು ಎದೆ, ಬೆನ್ನಿಗೆ ಜಾಸ್ತಿ, ತೋಳಿಗೆ ಕಡಿಮೆ ತುಂಬಿರುವ ಜಾಕೆಟ್. ತೋಳು ತೆಳುವಾಗಿದ್ದರೆ ಬಂದೂಕು ಎತ್ತುವುದು ಸಲೀಸು.

ಇಷ್ಟೆಲ್ಲ ಹೇಳಿದರೂ, ನನ್ನ ಮಟ್ಟಿಗೆ ಕೊನೆಗೆ ತೀರ್ಮಾನ ಮಾಡಿದ್ದು ಹೊರಬಟ್ಟೆಯ ಸದ್ದು. ನೈಲಾನ್ ಹೊದಿಕೆ ಅಂಗಡಿಯಲ್ಲಿ ಹಗುರ, ಚೆಂದ. ಅದೇ ಬಟ್ಟೆ ಚಳಿಗೆ ಸೆಟೆದುಕೊಂಡು, ಗಾಳಿ ನಿಂತ ಕಾಡಿನಲ್ಲಿ ತೋಳು ಪಕ್ಕೆಗೆ ತಾಗಿದಾಗ ಸರಕ್ ಅನ್ನುತ್ತದೆ. ಬಿಳಿಬಾಲದ ಜಿಂಕೆಯ ಕಿವಿಗೆ ಅಷ್ಟು ಸಾಕು. ಅಂಗಡಿಯಲ್ಲಿ ಹಾಡು ಹಾಕಿರುತ್ತಾರೆ, ಏನೂ ಕೇಳಿಸುವುದಿಲ್ಲ. ಟ್ರಯಲ್ ರೂಮಿನೊಳಗೆ ಹೋಗಿ, ತೋಳನ್ನು ಕಿವಿಯ ಹತ್ತಿರ ಹಿಡಿದು ಉಜ್ಜಿ ನೋಡಿ. ಫ್ಲೀಸಿನ ಹಾಗೆ ಮೆತ್ತಗಿರುವ, ಒಳಗೆ ಗಾಳಿ ತಡೆಯುವ ಪದರ ಇರುವ ಬಟ್ಟೆ ತೂಕ ಜಾಸ್ತಿ. ಹಿಮದ ತುಣುಕೂ ಅಂಟಿಕೊಳ್ಳುತ್ತದೆ. ಆದರೂ ನನಗೆ ಅದೇ ಬೇಕು.

ಟ್ರಯಲ್‌ಗೆ ಹೋಗುವಾಗ ಒಳಗೆ ಹಾಕುವ ಬನಿಯನ್, ಫ್ಲೀಸ್ ಹಾಕಿಕೊಂಡೇ ಹೋಗಿ. ಜಾಕೆಟ್ ಬಿಗಿಯಾದರೆ ಒಳಗಿನ ತುಂಬು ಅಮುಕಿಹೋಗಿ ಬಿಸಿ ಉಳಿಯುವುದಿಲ್ಲ. ನಾನು ಒಂದು ಸೈಜ್ ದೊಡ್ಡದೇ ತೆಗೆದುಕೊಂಡೆ. ಕೂತು ನೋಡಿ, ಬೆನ್ನಿನ ಕೆಳಭಾಗ ಮುಚ್ಚಿರಬೇಕು. ಬಂದೂಕು ಹಿಡಿದಂತೆ ಕೈ ಎತ್ತಿ ನೋಡಿ, ಭುಜದ ಮೇಲೆ ಬಟ್ಟೆ ಗುಡ್ಡೆಯಾಗಬಾರದು. ಗುಡ್ಡೆಯಾದರೆ ಬಂದೂಕಿನ ಹಿಡಿ ಭುಜಕ್ಕೆ ಸರಿಯಾಗಿ ಕೂರುವುದಿಲ್ಲ, ಕಣ್ಣು ಸ್ಕೋಪಿನಿಂದ ದೂರ ಹೋಗುತ್ತದೆ.

ಮರದಿಂದ ಬೀಳದಂತೆ ಮೈಗೆ ಬಿಗಿದುಕೊಳ್ಳುವ ಕಟ್ಟೇ ಹಾರ್ನೆಸ್. ಬೆನ್ನಿನಲ್ಲಿ ಅದರ ಪಟ್ಟಿ ಹೊರಬರಲು ಸೀಳು ಇರುವ ಜಾಕೆಟ್ ಬಿಟ್ಟು ಬೇರೆಯದನ್ನು ನಾನು ಮುಟ್ಟುವುದೇ ಇಲ್ಲ. ಹಾರ್ನೆಸ್ ಒಳಗಿದ್ದರೆ ಅದರ ಪಟ್ಟಿಗಳು ಜಾಕೆಟ್ಟನ್ನು ಅಮುಕುವುದಿಲ್ಲ. ಬುಡದಲ್ಲೇ ಪಟ್ಟಿಯನ್ನು ಸೀಳಿನಿಂದ ಹೊರಗೆಳೆದು, ಮೇಲಿನಿಂದ ಇಳಿಬಿಟ್ಟ ಹಗ್ಗಕ್ಕೆ ಕೊಕ್ಕೆ ಹಾಕಿಯೇ ಹತ್ತುತ್ತೇನೆ. ಗುಂಡು ತುಂಬದ ಬಂದೂಕನ್ನು ಆಮೇಲೆ ಹಗ್ಗದಲ್ಲಿ ಮೇಲಕ್ಕೆ ಎಳೆದುಕೊಳ್ಳುವುದು. ಮರದಿಂದ ಬಿದ್ದವರ ಕಥೆ ಇಲ್ಲಿ ಪ್ರತಿ ಸೀಸನ್ನಿನಲ್ಲೂ ಕೇಳಿಬರುತ್ತದೆ. ಇದರಲ್ಲಿ ದಯವಿಟ್ಟು ಯಾರೂ ಉದಾಸೀನ ಮಾಡಬೇಡಿ.

ಬಣ್ಣದ ಮಾತು. ಬೇರೆ ಬೇಟೆಗಾರರ ಕಣ್ಣಿಗೆ ಬೀಳಲೆಂದು ಇಲ್ಲಿನ ಕಾನೂನಿನ ಪ್ರಕಾರ ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಕನಿಷ್ಠ ಅರ್ಧ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಇರಲೇಬೇಕು. ಟೋಪಿ ಹಾಕಿದರೆ ಅದರಲ್ಲೂ ಅರ್ಧ. ನಮಗೆ ಕಣ್ಣು ಕುಕ್ಕುವ ಕಿತ್ತಳೆ ಜಿಂಕೆಗೆ ಹಾಗೆ ಕಾಣುವುದಿಲ್ಲ. ಅದಕ್ಕೆ ಚೆನ್ನಾಗಿ ಕಾಣುವುದು ನೀಲಿ. ಜಾಕೆಟ್ಟೇ ಕಿತ್ತಳೆ ಇದ್ದು ಅದು ಚೀಲದೊಳಗಿದ್ದರೆ, ನಡೆಯುವಾಗ ಮೈಮೇಲೆ ಕಿತ್ತಳೆ ಇಲ್ಲದಂತಾಗುತ್ತದೆ ಅಲ್ವಾ? ಅದಕ್ಕೆ ಕಂದು ಜಾಕೆಟ್ ತೆಗೆದುಕೊಂಡು, ಒಂದು ದೊಡ್ಡ, ಸಡಿಲ ಕಿತ್ತಳೆ ವೆಸ್ಟ್ ಇಟ್ಟುಕೊಂಡಿದ್ದೇನೆ. ನಡೆಯುವಾಗ ಫ್ಲೀಸಿನ ಮೇಲೆ, ಕೂತಾಗ ಜಾಕೆಟ್ಟಿನ ಮೇಲೆ. ಹಾರ್ನೆಸ್ ಪಟ್ಟಿಗೆಂದು ಅದರ ಬೆನ್ನಿಗೂ ಒಂದು ಸೀಳು ಹೊಲಿಸಿದ್ದೇನೆ.

ಸೀಸನ್ ಮುಗಿದ ಮೇಲೆ ವಾಸನೆ ಇಲ್ಲದ ಸೋಪಿನಲ್ಲಿ ಒಗೆದು, ಪೂರ್ತಿ ಒಣಗಿಸಿ, ಹ್ಯಾಂಗರಿಗೆ ನೇತುಹಾಕುತ್ತೇನೆ. ಚೀಲದೊಳಗೆ ತುರುಕಿ ವರ್ಷಪೂರ್ತಿ ಇಟ್ಟರೆ ಒಳಗಿನ ಸರಕು ಚಪ್ಪಟೆಯಾಗಿ ಮತ್ತೆ ಉಬ್ಬುವುದಿಲ್ಲ. ಕೊಳ್ಳುವುದಿದ್ದರೆ ಜನವರಿ, ಫೆಬ್ರವರಿಯಲ್ಲಿ ಅಂಗಡಿಗೆ ಹೋಗಿ. ಚಳಿಗಾಲದ ಸರಕು ಖಾಲಿ ಮಾಡಲು ಬೆಲೆ ಇಳಿಸಿರುತ್ತಾರೆ, ನಿಧಾನವಾಗಿ ಹಾಕಿ ನೋಡಲು ಸಮಯವೂ ಸಿಗುತ್ತದೆ.