ಹೊಂಡದ ಮೀನಿಗೆ ಕಾಯಿಲೆ ಬರ್ದಂಗೆ ನೋಡ್ಕೊಳ್ಳೋದು ಹೇಗೆ? ಮೊದ್ಲು ಸ್ಟ್ರೆಸ್ ತಪ್ಸಿ, ಆಮೇಲೆ ಮೇವು ಸರಿ ಮಾಡಿ

ನವೆಂಬರ್ ಬಂತು ಅಂದ್ರೆ ಮೀನು ಸಾಕೋರ ಫೋನು ಶುರುವಾಗುತ್ತೆ, ಮೈಮೇಲೆ ಕೆಂಪು ಮಚ್ಚೆ ಬಂದಿದೆ, ಯಾವ ಔಷಧಿ ಹಾಕ್ಲಿ ಅಂತ. ನಾನು ವಾಪಸ್ ಕೇಳೋದು ಒಂದೇ, ಹೋದ ಎರಡು ತಿಂಗ್ಳಲ್ಲಿ ಏನು ಹಾಕಿದ್ರಿ, ಎಷ್ಟು ಸಲ ಬಲೆ ಎಳೆದ್ರಿ? ಯಾಕಂದ್ರೆ ನವೆಂಬರಲ್ಲಿ ಕಾಣೋ ಹುಣ್ಣಿಗೆ ದಾರಿ ಮಾಡ್ಕೊಟ್ಟಿರೋದು ಸೆಪ್ಟೆಂಬರಲ್ಲಿ ನಾವೇ ಆಗಿರ್ತೀವಿ. ಕೃಷಿ ಹೊಂಡದಲ್ಲೋ ಸಣ್ಣ ಕೆರೇಲೋ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಬಿಟ್ಕೊಂಡಿರೋರು ಇದನ್ನ ಮಳೆಗಾಲದಲ್ಲೇ ಓದ್ಕೊಂಡ್ರೆ ಒಳ್ಳೇದು.

ಮೊದ್ಲು ಮೀನಿನ ಒಳಗೆ ಏನು ನಡೆಯುತ್ತೆ ಅಂತ ಸ್ವಲ್ಪ ತಿಳ್ಕೋಬೇಕು. ನಮಗೆ ರಕ್ತ ತಯಾರಾಗೋದು ಮೂಳೆ ಒಳಗಿನ ಮಜ್ಜೇಲಿ, ಮೀನಿಗೆ ಆ ಮಜ್ಜೆ ಇಲ್ಲ. ಮೀನು ಕೊಯ್ದಾಗ ತಲೆ ಹಿಂದೆ ಬೆನ್ನುಮೂಳೆ ಕೆಳಗೆ ಅಂಟ್ಕೊಂಡಿರೋ ಕಡುಗೆಂಪು ಭಾಗ ನೋಡಿರ್ತೀರಲ್ಲ, ಅದು ಹೆಡ್ ಕಿಡ್ನಿ, ರೋಗದ ಜೊತೆ ಕಾದಾಡೋ ಬಿಳಿ ರಕ್ತಕಣ ಹೆಚ್ಚಾಗಿ ಹುಟ್ಟೋದು ಅಲ್ಲಿ. ಮೀನು ಗಾಬರಿ ಬಿದ್ದಾಗ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಬಿಡೋ ಜೀವಕೋಶಗಳೂ ಅದೇ ಜಾಗದಲ್ಲೇ ಇವೆ. ಒಂದರ್ಧ ಗಂಟೆ ಗಾಬರಿಗೆ ಕಾರ್ಟಿಸಾಲ್ ಏರಿದ್ರೆ ತೊಂದ್ರೆ ಇಲ್ಲ, ತಪ್ಪಿಸ್ಕೊಂಡು ಓಡೋಕೆ ಶಕ್ತಿ ಬೇಕಲ್ಲ. ಅದು ದಿನಗಟ್ಲೆ ಇಳೀದೇ ನಿಂತ್ರೆ ಮಾತ್ರ ಬಿಳಿ ಕಣ ಕಮ್ಮಿಯಾಗುತ್ತೆ, ಹಸಿವು ಸತ್ತೋಗುತ್ತೆ, ಗಾಯ ಮಾಯಲ್ಲ. ಆಗ ನೀವು ಎಷ್ಟೇ ದುಬಾರಿ ಇಮ್ಯೂನಿಟಿ ಪೌಡರ್ ಮೇವಿಗೆ ಬೆರೆಸಿದ್ರೂ ಅದು ಹತ್ತಲ್ಲ. ಅದಕ್ಕೇ ಈ ಗಾಬರಿ, ಅಂದ್ರೆ ಸ್ಟ್ರೆಸ್ ತಪ್ಪಿಸೋದು ಮೊದ್ಲು, ಮೇವು ಎರಡನೇದು, ಪೌಡರು ಟಾನಿಕ್ಕು ಎಲ್ಲಾ ಕೊನೇಲಿ. ತುಂಬಾ ಜನ ಇದನ್ನ ತಲೆಕೆಳಗು ಮಾಡ್ತಾರೆ, ನಂಗೆ ನಿಜವಾಗ್ಲೂ ಬೇಜಾರಾಗೋದು ಅಲ್ಲೇ.

ಬೆಳಗಿನ ಜಾವ ಹೊಂಡದ ಹತ್ರ ಹೋಗಿ

ನೀರಲ್ಲಿ ಆಕ್ಸಿಜನ್ ತೀರಾ ಕಮ್ಮಿ ಇರೋದು ಬೆಳಿಗ್ಗೆ ನಾಲ್ಕರಿಂದ ಆರರ ಒಳಗೆ, ಯಾಕಂದ್ರೆ ರಾತ್ರಿಯೆಲ್ಲಾ ಪಾಚಿನೂ ಉಸಿರಾಡಿ ಮುಗಿಸಿರುತ್ತೆ. ಲೀಟರಿಗೆ 5 ಮಿಲಿಗ್ರಾಂ ಇದ್ರೆ ಆರಾಮು, 3ಕ್ಕಿಂತ ಕೆಳಗೆ ಇಳಿದ್ರೆ ಮೀನಿಗೆ ಕಷ್ಟ. ಮೀಟರ್ ಇಲ್ಲ ಅಂತ ಸುಮ್ನಿರ್ಬೇಡಿ, ಟಾರ್ಚ್ ಹಿಡ್ಕೊಂಡು ಹೋಗಿ ನೋಡಿ, ಮೀನು ಮೇಲೆ ಬಂದು ಬಾಯಿ ಪಕಪಕ ಅಂತ ಆಡಿಸ್ತಿದ್ರೆ ಉಸಿರು ಕಟ್ತಿದೆ ಅಂತಲೇ ಅರ್ಥ. ತಕ್ಷಣ ಪಂಪ್ ಹಾಕಿ ಹೊಂಡದ ನೀರನ್ನೇ ಎತ್ತಿ ಮೇಲಿಂದ ಚೆಲ್ಲಿಸಿ, ಅವತ್ತು ಮೇವು ಬಂದ್. ಎರಡು ಮೂರು ದಿನ ಮೋಡ ಕವಿದಿದ್ರೂ ಅಷ್ಟೇ, ಮೇವು ಅರ್ಧಕ್ಕೆ ಇಳಿಸಿ.

ನೀರಿನ ಬಣ್ಣ ನೋಡೋಕೆ ಕೈಯೇ ಸಾಕು. ಅಂಗೈ ಬಗ್ಗಿಸ್ಕೊಂಡು ತೋಳು ನೀರಿಗೆ ಇಳಿಸಿ, ಮೊಣಕೈ ಮುಳುಗೋ ಹೊತ್ತಿಗೆ ಅಂಗೈ ಮಸುಕಾದ್ರೆ ಸರಿ ಇದೆ. ಅದಕ್ಕಿಂತ ಬಹಳ ಮುಂಚೆನೇ ಮಾಯವಾದ್ರೆ ಪಾಚಿ ಜಾಸ್ತಿ ಆಗಿದೆ, ಸೆಗಣಿ ಹಾಕೋದು ನಿಲ್ಸಿ. ಪ್ಲಾಸ್ಟಿಕ್ ಹೊದಿಸಿರೋ ಹೊಂಡದವ್ರಿಗೆ ಸಾಮಾನ್ಯವಾಗಿ ಉಲ್ಟಾ ಸಮಸ್ಯೆ, ಕೆಳಗೆ ಮಣ್ಣಿಲ್ಲ, ಮೀನಿಗೆ ನೈಸರ್ಗಿಕ ಆಹಾರನೇ ಹುಟ್ಟಲ್ಲ. ಅಂಥ ಕಡೆ ಸೆಗಣಿನ ಗೋಣಿಚೀಲದಲ್ಲಿ ಕಟ್ಟಿ ಮೂಲೇಲಿ ನೇತಾಕೋದು ಒಳ್ಳೇದು, ಬೇಡ ಅನ್ಸಿದಾಗ ಎತ್ಕೊಂಡ್ ಬಿಡಬಹುದು.

ಮರಿ ಬಿಡುವಾಗ, ಹಿಡಿಯುವಾಗ

ಆಸೆಗೆ ಬಿದ್ದು ಜಾಸ್ತಿ ಮರಿ ಬಿಡೋದು ಎಲ್ಲಾ ಕಾಯಿಲೆಗೂ ಬಾಗಿಲು. ನೀರಿಗೆ ಗಾಳಿ ಬೆರೆಸೋ ಏರೇಟರ್ ಇಲ್ಲದ ಕಡೆ ಎಕರೆ ನೀರಿಗೆ 2000 ಮರಿ ಸಾಕು, ಅಂದ್ರೆ 21 ಮೀಟರ್ ಚೌಕದ ಹೊಂಡಕ್ಕೆ ಸುಮಾರು 200. ಆಕ್ಸಿಜನ್ ಪ್ಯಾಕೆಟ್ಟಲ್ಲಿ ಬಂದ ಮರೀನ ಸೀದಾ ಸುರೀಬೇಡಿ, ಪ್ಯಾಕೆಟ್ಟನ್ನ 15-20 ನಿಮಿಷ ನೀರಿನ ಮೇಲೆ ತೇಲಿಸಿ, ಬಾಯಿ ಬಿಚ್ಚಿ ಹೊಂಡದ ನೀರು ಸ್ವಲ್ಪ ಸ್ವಲ್ಪ ಒಳಗೆ ಬಿಟ್ಟು, ಮರಿಗಳು ತಾವೇ ಈಜಿ ಆಚೆ ಹೋಗೋ ತನಕ ಕಾಯ್ರಿ.

ಮೀನಿನ ಮೈಮೇಲಿನ ಲೋಳೆ ಅಂದ್ರೆ ಬರೀ ಜಾರಿಕೆ ಅಲ್ಲ, ಬ್ಯಾಕ್ಟೀರಿಯಾ ಕೊಲ್ಲೋ ಲೈಸೋಜೈಮ್ ಅಂಥವೆಲ್ಲಾ ಅದರಲ್ಲೇ ಇರೋದು. ಒಣ ಕೈಯಲ್ಲಿ ಹಿಡಿದ್ರೆ, ಒರಟು ಬಲೇಲಿ ಉಜ್ಜಿದ್ರೆ ಅದು ಕಿತ್ತೋಗುತ್ತೆ, ರೋಗ ಒಳಗೆ ಬರೋದು ಅದೇ ಜಾಗದಿಂದ. ಕೈ ಒದ್ದೆ ಮಾಡ್ಕೊಂಡು ಹಿಡೀರಿ, ಗಂಟಿಲ್ಲದ ಬಲೆ ಬಳಸಿ, ಹಿಡಿಯೋ ಹಿಂದಿನ ದಿನ ಮೇವು ಹಾಕ್ಬೇಡಿ, ಬಿಸಿಲು ಏರೋ ಮುಂಚೆ ಕೆಲಸ ಮುಗಿಸಿ. ನೆಂಟ್ರು ಬಂದ್ರು ಅಂತ ವಾರ ವಾರ ಬಲೆ ಎಳೆಯೋದು ದಯವಿಟ್ಟು ಬಿಟ್ಬಿಡಿ.

ಮೇವು: ನಮ್ ಮನೇಲಿ ಆದ ತಪ್ಪು

ಒಂದು ಮಳೆಗಾಲ ಅಂಗಡೀಲಿ ಕಡ್ಲೆಕಾಯಿ ಹಿಂಡಿ ಕಮ್ಮಿ ರೇಟಿಗೆ ಸಿಕ್ತು ಅಂತ ನಾಲ್ಕು ಮೂಟೆ ತಂದು ಕೊಟ್ಟಿಗೇಲಿ ನೆಲದ ಮೇಲೆ ಪೇರಿಸಿದ್ವಿ. ಮುರಿದ್ರೆ ಒಳಗೆ ಹಸಿರು ಬೂಷ್ಟು, ಮುಗ್ಗು ವಾಸನೆ, ಮೀನು ತಾನೇ ತಿನ್ನುತ್ತೆ ಬಿಡು ಅಂತ ನೆನೆಸಿ ಹಾಕಿದ್ವಿ. ಒಂದೂವರೆ ತಿಂಗ್ಳು ಮೀನು ಬೆಳೀಲೇ ಇಲ್ಲ. ಚಳಿ ಶುರುವಾಗ್ತಿದ್ದಂಗೆ ರೋಹುಗೂ ಮೃಗಾಲ್‌ಗೂ ಪಕ್ಕೇಲಿ ಕೆಂಪು ಹುಣ್ಣು, ಕೆಲವಕ್ಕೆ ಮಾಂಸ ಕಾಣೋಷ್ಟು ಆಳ. ಒಂದನ್ನ ಕೊಯ್ದು ನೋಡಿದ್ರೆ ಪಿತ್ತಜನಕಾಂಗ ಹಳದಿಗೆ ತಿರುಗಿತ್ತು. ಕಡ್ಲೆಕಾಯಿ ಹಿಂಡಿಯ ಬೂಷ್ಟಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರುತ್ತೆ, ಅದು ಕುದಿಸಿದ್ರೂ ಹೋಗಲ್ಲ, ಪಿತ್ತಜನಕಾಂಗ ಹಾಳು ಮಾಡಿ ರೋಗನಿರೋಧಕ ಶಕ್ತಿನೂ ಕುಗ್ಗಿಸುತ್ತೆ. ಅದೇ ಹೊಂಡದಲ್ಲಿದ್ದ ಗೆಂಡೆಗೆ ಆ ಹುಣ್ಣು ಬರ್ಲಿಲ್ಲ, ಅದಕ್ಕೆ ಈ ರೋಗ ಅಷ್ಟಾಗಿ ತಾಗಲ್ಲ ಅಂತ ಆಮೇಲೆ ಗೊತ್ತಾಯ್ತು.

ಹಾಗಾಗಿ ಹದಿನೈದು ದಿನಕ್ಕೆ ಬೇಕಾದಷ್ಟೇ ಹಿಂಡಿ ತನ್ನಿ, ಹಲಗೆ ಮೇಲೆ ಗೋಡೆಗೆ ತಾಗದಂಗೆ ಇಡಿ, ಮುಗ್ಗು ಬಂದ್ರೆ ಮುಲಾಜಿಲ್ದೆ ಆಚೆ ಹಾಕಿ. ಹಿಂಡಿ, ಅಕ್ಕಿ ತೌಡು ಸಮ ಸಮ, ಮೇಲೆ ನೂರಕ್ಕೆ ಒಂದು ಎರಡು ಭಾಗ ಮಿನರಲ್ ಮಿಕ್ಸ್ಚರ್, ಇದು ಹಳೇ ಲೆಕ್ಕ, ಈಗಲೂ ನಡೆಯುತ್ತೆ. ವಿಟಮಿನ್ ಸಿ ಮಾತ್ರ ಮರೀಬೇಡಿ, ಹೆಚ್ಚಿನ ಮೀನುಗಳಿಗೆ ಅದನ್ನ ಮೈಯಲ್ಲೇ ತಯಾರಿಸ್ಕೊಳ್ಳೋಕೆ ಬರಲ್ಲ, ಕಮ್ಮಿಯಾದ್ರೆ ಗಾಯ ಮಾಯಲ್ಲ, ಮರಿಗಳ ಬೆನ್ನು ಸೊಟ್ಟ ಆಗುತ್ತೆ. ಅದು ಬಿಸಿಗೆ ಹಾಳಾಗುತ್ತೆ, ಆದ್ರಿಂದ ಮೇವು ಬೇಯಿಸಿ ಆರಿಸಿದ ಮೇಲೆ ಬೆರೆಸ್ಬೇಕು.

ಎಷ್ಟು ಹಾಕ್ಬೇಕು? ಹದಿನೈದು ದಿನಕ್ಕೊಮ್ಮೆ ಬೀಸುಬಲೇಲಿ 10-15 ಮೀನು ಹಿಡಿದು, ನೀರಿರೋ ಬಕೆಟ್ಟಲ್ಲೇ ತೂಗಿ ಸರಾಸರಿ ತೆಗೀರಿ. 200 ಮೀನು ತಲಾ 250 ಗ್ರಾಂ ಇದ್ರೆ ಒಟ್ಟು 50 ಕೆಜಿ, ಅದರ 2 ಪರ್ಸೆಂಟ್ ಅಂದ್ರೆ ದಿನಕ್ಕೆ 1 ಕೆಜಿ ಮೇವು. ಸಣ್ಣ ಮರಿಗಾದ್ರೆ 5 ಪರ್ಸೆಂಟ್ ತನಕ ಬೇಕು. ಈ ಜಾತಿ ಮೀನಿಗೆ ಹೊಟ್ಟೆ ಚೀಲನೇ ಇಲ್ಲ, ತಿಂದಿದ್ದು ಸೀದಾ ಕರುಳಿಗೆ ಹೋಗುತ್ತೆ, ಅದಕ್ಕೇ ಒಂದೇ ಸಲ ಸುರಿಯೋ ಬದಲು ಎರಡು ಮೂರು ಸಲ ಹಂಚಿ ಹಾಕಿ. ತೂತು ಮಾಡಿದ ಚೀಲಕ್ಕೆ ತುಂಬಿ ಕಂಬಕ್ಕೆ ಕಟ್ಟಿದ್ರೆ ಮಿಕ್ಕಿದ್ದು ಎಷ್ಟು ಅಂತ ಕಣ್ಣಿಗೆ ಕಾಣುತ್ತೆ. ಮಿಕ್ಕಿದ ಮೇವು ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತೆ, ಮತ್ತೆ ಸ್ಟ್ರೆಸ್.

ಇಷ್ಟೆಲ್ಲಾ ಸರಿ ಇದ್ದ ಮೇಲೆ ಯೀಸ್ಟಿಂದ ಬರೋ ಬೀಟಾ ಗ್ಲೂಕಾನ್, ಬೆಳ್ಳುಳ್ಳಿ ಪುಡಿ, ಪ್ರೊಬಯಾಟಿಕ್ ಅನ್ನೋ ಒಳ್ಳೇ ಬ್ಯಾಕ್ಟೀರಿಯಾ ಇವೆಲ್ಲ ಉಪಯೋಗಕ್ಕೆ ಬರುತ್ತೆ. ವರ್ಷಪೂರ್ತಿ ಬೇಡ, ಚಳಿಗೆ ಮುಂಚೆ ಮೂರ್ನಾಲ್ಕು ವಾರ ಕೊಟ್ಟು ನಿಲ್ಸಿ. ಮನುಷ್ಯರ, ಕೋಳಿಗಳ ಆ್ಯಂಟಿಬಯೋಟಿಕ್ ಮಾತ್ರ ಖಂಡಿತ ಬೆರೆಸ್ಬೇಡಿ, ಆ ಮೀನು ತಿನ್ನೋದು ಮಕ್ಕಳೂ ಹೌದು.

ಚಳಿಗಾಲದ ತಯಾರಿ

ಮೀನು ತಣ್ಣನೆ ರಕ್ತದ್ದು, ನೀರು ತಣ್ಣಗಾದ್ರೆ ಅದರ ರೋಗನಿರೋಧಕ ಶಕ್ತಿನೂ ನಿಧಾನ ಆಗುತ್ತೆ, ಆದ್ರೆ ಹುಣ್ಣು ತರೋ ಅಫನೋಮೈಸಿಸ್ ಅನ್ನೋ ಬೂಷ್ಟಿನಂಥ ಜೀವಿಗೆ ತಣ್ಣೀರೇ ಇಷ್ಟ. 1988ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟ ಈ ರೋಗ ಇವತ್ತಿಗೂ ಹೋಗಿಲ್ಲ. ಅಕ್ಟೋಬರ್ ಕೊನೇಲೇ ಹೆಕ್ಟೇರಿಗೆ 200 ಕೆಜಿ ಲೆಕ್ಕದಲ್ಲಿ ಸುಣ್ಣ ಹಾಕಿ, 21 ಮೀಟರ್ ಹೊಂಡಕ್ಕೆ 9 ಕೆಜಿ ಬರುತ್ತೆ, ನೆನೆಸಿ ಆರಿದ ಮೇಲೆ ಬೆಳಿಗ್ಗೆ ಎರಚಿ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಆಗಲೇ 8.5 ದಾಟಿದ್ರೆ ಬೇಡ, ಅಮೋನಿಯಾ ಇನ್ನೂ ವಿಷ ಆಗುತ್ತೆ. ಚಳೀಲಿ ಮೇವೂ ಕಮ್ಮಿ ಮಾಡಿ, ಬಿಸಿಲು ಬಂದ ಮೇಲೆ ಹಾಕಿ.

ಹುಣ್ಣು ಕಂಡೇಬಿಟ್ರೆ ಭುವನೇಶ್ವರದ ಸಿಹಿನೀರು ಮೀನು ಸಾಕಣೆ ಸಂಶೋಧನಾ ಸಂಸ್ಥೆ ಸಿಫಾದವ್ರು ಕಂಡುಹಿಡಿದ ಸಿಫಾಕ್ಸ್ ಅನ್ನೋ ಔಷಧಿ ಇದೆ, ಒಂದು ಹೆಕ್ಟೇರ್ ನೀರು ಒಂದು ಮೀಟರ್ ಆಳ ಇದ್ರೆ 1 ಲೀಟರ್. ಅದಕ್ಕಿಂತ ಮುಂಚೆ ಮೀನುಗಾರಿಕೆ ಇಲಾಖೆಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸಿ. ಸತ್ತು ಊದಿರೋ ಮೀನು ತಗೊಂಡು ಹೋದ್ರೆ ಅವ್ರಿಗೆ ಏನೂ ಗೊತ್ತಾಗಲ್ಲ, ಹುಣ್ಣಿರೋ ಜೀವಂತ ಮೀನು ಎರಡು ಮೂರು ಆಕ್ಸಿಜನ್ ಪ್ಯಾಕೆಟ್ಟಲ್ಲಿ, ಹೊಂಡದ ನೀರು ಒಂದು ಲೀಟರ್ ಬೇರೆ ಬಾಟ್ಲಲ್ಲಿ, ಜೊತೆಗೆ ನೀವು ಹಾಕ್ತಿರೋ ಮೇವು ಒಂದು ಹಿಡಿ ಪೊಟ್ಟಣ ಕಟ್ಕೊಂಡು ಹೋಗಿ.