ಉಪವಾಸ ಬೇರೆ, ಶಿವ್ರಾಕ್ ಬೇರೆ

ಈಸ್ಟರಿಗೆ ಮುಂಚಿನ ನಮ್ಮ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಹಿಂದಿನ ರಾತ್ರಿ ಬೆಂಗಳೂರಿನಿಂದ ಸೊಸೆಯ ಫೋನ್ ಬಂದೇ ಬರುತ್ತದೆ. “ಮಾಂಯ್, ನಾಳೆ ಮೊಟ್ಟೆ ತಿನ್ನಬಹುದೇ?” ಮದುವೆಯಾದ ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ: ತಿನ್ನಬಹುದು. ಈ ಸಲ ಬರೆದೇ ಕಳುಹಿಸುತ್ತಿದ್ದೇನೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಲಿ, ಬೇಕಾದವರು ಓದಿಕೊಳ್ಳಲಿ.

ಎಲ್ಲ ಗೊಂದಲಕ್ಕೂ ಮೂಲ ಒಂದೇ. ನಾವು ಮಂಗಳೂರಿನ ಕಥೊಲಿಕರು ಕೊಂಕಣಿಯಲ್ಲಿ ಶಿವ್ರಾಕ್ ಎನ್ನುವುದು ಮಾಂಸ ಬಿಡುವುದಕ್ಕೆ. ಉಪವಾಸ ಎನ್ನುವುದು ಊಟ ಕಡಿಮೆ ಮಾಡುವುದಕ್ಕೆ. ಒಂದು ಏನು ತಿನ್ನುತ್ತೀರಿ ಎಂಬ ಲೆಕ್ಕ, ಇನ್ನೊಂದು ಎಷ್ಟು ತಿನ್ನುತ್ತೀರಿ ಎಂಬ ಲೆಕ್ಕ. ಇವೆರಡೂ ಒಟ್ಟಿಗೆ ಕಡ್ಡಾಯವಾಗಿ ಬರುವುದು ವರ್ಷಕ್ಕೆ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಉಳಿದ ಶುಕ್ರವಾರಗಳದ್ದು ಬರೀ ಶಿವ್ರಾಕ್. ಹೊಟ್ಟೆ ತುಂಬ ಉಣ್ಣಿ, ಯಾರೂ ಕೇಳುವುದಿಲ್ಲ. ಮಾಂಸ ಬಿಡುವ ನಿಯಮ 14 ವರ್ಷ ತುಂಬಿದವರಿಗೆಲ್ಲ, ಸಾಯುವವರೆಗೆ. ಉಪವಾಸದ ನಿಯಮ 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ಹಾಗೆ ನೋಡಿದರೆ ನಾನು ಎಂದೋ ಬಿಡುಗಡೆಯಾದವಳು. ಆದರೂ ಮಾಡುತ್ತೇನೆ, ಅಭ್ಯಾಸ.

ಮಾಂಸವೆಂದರೆ ಕೋಳಿ, ಕುರಿ, ಹಂದಿ, ದನ. ಮೀನು, ಸಿಗಡಿ, ಏಡಿ, ಮೊಟ್ಟೆ, ಹಾಲು, ತುಪ್ಪ ಇವಕ್ಕೆ ಅಡ್ಡಿಯಿಲ್ಲ. ಅಡ್ಡಿಯಿಲ್ಲವೆಂದು ಬೂದಿ ಬುಧವಾರ ಬೆಳಿಗ್ಗೆ ಸ್ಟೇಟ್‌ಬ್ಯಾಂಕ್ ಹತ್ತಿರದ ಮಾರುಕಟ್ಟೆಗೆ ಹೋಗಿ ಅಂಗೈ ಅಗಲದ ಅಂಜಲ್ ತುಂಡು ತಂದು ರವೆ ಹೊರಳಿಸಿ ಹುರಿಯುವವರನ್ನು ಕಂಡಿದ್ದೇನೆ. ಕಾನೂನು ಮುರಿಯಲಿಲ್ಲ, ಸರಿ. ಆದರೆ ಎರಡು ಕೋಳಿಯ ದುಡ್ಡನ್ನು ಮೀನಿಗೆ ಸುರಿದು ತ್ಯಾಗ ಮಾಡಿದೆ ಎನ್ನುವುದು ನನಗಂತೂ ನಗು ತರಿಸುತ್ತದೆ. ಬೂತಾಯಿ ಮೀನಿನ ಪುಳಿಮುಂಚಿ ಸಾರು ಸಾಕು.

ತಪ್ಪಾಗುವುದು ತಟ್ಟೆಯಲ್ಲಲ್ಲ, ಪಾತ್ರೆಯಲ್ಲಿ. ಭಾನುವಾರದ ಬಫಾತಿನ, ಅಂದರೆ ಮಸಾಲೆ ಹಾಕಿದ ಮಾಂಸದ ಸಾರಿನ, ರಸ ಸ್ವಲ್ಪ ಉಳಿದಿರುತ್ತದೆ, ತುಂಡುಗಳನ್ನು ತೆಗೆದು ರಸಕ್ಕೆ ಬಟಾಟೆ ಹಾಕಿ ಕುದಿಸಿದರೆ ಆಯಿತೆಂದುಕೊಳ್ಳುತ್ತೀರಿ. ನಮ್ಮ ಕಾಲದಲ್ಲಿದ್ದ ಚರ್ಚಿನ ಕಾನೂನು ಪುಸ್ತಕ, 1917ರ ಸಂಹಿತೆ, ಮಾಂಸದ ಜೊತೆ ಮಾಂಸ ಬೇಯಿಸಿದ ರಸವನ್ನೂ ಹೆಸರಿಸಿಯೇ ಬೇಡವೆಂದಿತ್ತು. ಈಗ ಅಂಗಡಿಯಲ್ಲಿ ಸಿಗುವ ಸೂಪಿನ ಪುಡಿಯಲ್ಲೂ ಕೋಳಿ ಇರುತ್ತದೆ, ಪೊಟ್ಟಣ ತಿರುಗಿಸಿ ಓದಿ. ನಾನು ಮಂಗಳವಾರ ರಾತ್ರಿಯೇ ಫ್ರಿಜ್ಜಿನಲ್ಲಿರುವ ಮಾಂಸದ್ದನ್ನೆಲ್ಲ ಮುಗಿಸಿಬಿಡುತ್ತೇನೆ. ಬುಧವಾರ ಮಧ್ಯಾಹ್ನ ಹಸಿದ ಮಕ್ಕಳ ಕೈಗೆ ಸಿಕ್ಕರೆ ಸಂಹಿತೆ ಯಾರಿಗೆ ನೆನಪಿರುತ್ತದೆ!

ಉಪವಾಸದ ದಿನ ಒಂದು ಪೂರ್ತಿ ಊಟ, ಬೆಳಿಗ್ಗೆಗೂ ಇನ್ನೊಂದು ಹೊತ್ತಿಗೂ ಸ್ವಲ್ಪ ಸ್ವಲ್ಪ. ಆ ಎರಡು ಸ್ವಲ್ಪಗಳನ್ನು ಕೂಡಿಸಿದರೂ ಒಂದು ಊಟದಷ್ಟಾಗಬಾರದು. ಶುಭ ಶುಕ್ರವಾರ ಹೆಚ್ಚಿನವರು ಮಧ್ಯಾಹ್ನವೇ ಪೂರ್ತಿ ಊಟ ಮಾಡಿ, ಆಮೇಲೆ ಚರ್ಚಿನಲ್ಲಿ ಯೇಸುವಿನ ಯಾತನೆಯ ವಾಚನ ನಡೆಯುವಾಗ ತೂಕಡಿಸುತ್ತಾರೆ. ಪೂರ್ತಿ ಊಟವನ್ನು ಸಂಜೆ ಮನೆಗೆ ಬಂದ ಮೇಲಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಅರ್ಧ ಬಟ್ಟಲು ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಇನ್ನರ್ಧ ಬಟ್ಟಲು. ಗಂಜಿಯನ್ನು ನೀರು ಧಾರಾಳ ಇಟ್ಟು ಬೇಯಿಸಿ, ಒಲೆ ಆರಿಸಿ, ಮುಚ್ಚಿ ಅರ್ಧ ಗಂಟೆ ಹಾಗೆಯೇ ಬಿಡಿ. ಅಗುಳು ಅರಳಿ ತಿಳಿ ಮಂದವಾಗುತ್ತದೆ. ಆ ತಿಳಿಯೇ ಹೊಟ್ಟೆಯಲ್ಲಿ ನಿಲ್ಲುವುದು. ಜೊತೆಗೆ ಹುರುಳಿ ಚಟ್ನಿ ಅಥವಾ ಒಂದು ಮಾವಿನ ಮಿಡಿ. ಮಾರ್ಚ್-ಏಪ್ರಿಲಿನ ಮಂಗಳೂರಿನ ಸೆಕೆಯಲ್ಲಿ ನೀರು ಕುಡಿಯದೆ ಕೂರಬೇಡಿ. ನೀರು, ಪುನರ್ಪುಳಿ ಶರಬತ್ತು, ಚಹಾ, ಕಾಫಿ ಇವುಗಳಿಂದ ಉಪವಾಸ ಮುರಿಯುವುದಿಲ್ಲ. ಶಿಲುಬೆಯ ಹಾದಿಯ ಪ್ರಾರ್ಥನೆಯಲ್ಲಿ ಎಂಟನೇ ಸ್ಥಳಕ್ಕೆ ಬಂದಾಗ ತಲೆನೋವು ಬರುವುದು ಹಸಿವಿನಿಂದಲ್ಲ, ಬೆಳಗಿನ ಕಾಫಿ ಬಿಟ್ಟದ್ದರಿಂದ.

ಸಕ್ಕರೆ ಕಾಯಿಲೆಯವರು, ಬಸುರಿಯರು, ಬಾಣಂತಿಯರು, ಮೈಮುರಿದು ದುಡಿಯುವವರು ಉಪವಾಸ ಮಾಡಬೇಕಾಗಿಲ್ಲ. ನಮ್ಮ ಯಜಮಾನರಿಗೆ ಇದನ್ನು ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ವರ್ಷ ಮಾತ್ರೆ ನುಂಗಿ, ಗಂಜಿ ಬಿಟ್ಟು, ಚರ್ಚಿನ ಅಂಗಳದಲ್ಲಿ ಕುಸಿದರು. ಪಕ್ಕದಲ್ಲಿದ್ದ ಹುಡುಗ ಬಾಯಿಗೆ ಸಕ್ಕರೆ ಹಾಕಿದ್ದರಿಂದ ಉಳಿದರು. ಮರುವರ್ಷದಿಂದ ಅವರ ಬಟ್ಟಲನ್ನು ನಾನೇ ತುಂಬಿಸಿ ಮುಂದೆ ಇಡುತ್ತಿದ್ದೆ, ಖಾಲಿಯಾಗುವವರೆಗೆ ಎದುರಿಗೇ ನಿಲ್ಲುತ್ತಿದ್ದೆ.

ಚರ್ಚಿನ ಬಲಿಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದಕ್ಕೆ ಮುಂಚಿನ ಉಪವಾಸ ಇನ್ನೊಂದೇ ಬಗೆಯದು. ಹಿಂದೆ ಅದು ನಡುರಾತ್ರಿಯಿಂದಲೇ ಶುರು, ನೀರೂ ಇಲ್ಲ. 1951ರಲ್ಲಿ ನನ್ನ ಅಕ್ಕ ಮೊದಲ ಪರಮಪ್ರಸಾದದ ದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಮಾವಿನೆಲೆಯಿಂದ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ಒಂದು ಗುಟುಕು ಒಳಗೆ ಹೋಯಿತಂತೆ. ಬಿಳಿ ಉಡುಪು ಹಾಕಿಕೊಂಡು ಒಂದೇ ಸಮನೆ ಅಳು. ಅಮ್ಮ ಅವಳನ್ನು ಪಾದ್ರಿಗಳ ಮುಂದೆ ನಿಲ್ಲಿಸಿದಾಗ, ಎಂಜಲಿನ ಜೊತೆ ಹೋದದ್ದು ಲೆಕ್ಕಕ್ಕಿಲ್ಲವೆಂದು ಅವರು ನಕ್ಕುಬಿಟ್ಟರಂತೆ. 1953ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ನೀರಿಗೆ ಅಪ್ಪಣೆ ಕೊಟ್ಟರು, 1957ರಲ್ಲಿ ಅವಧಿ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. “ಎರಡು ವರ್ಷ ತಡೆದಿದ್ದರೆ ಅಷ್ಟು ಅಳಬೇಕಾಗಿರಲಿಲ್ಲ” ಎಂದು ಅಕ್ಕ ಹೇಳುತ್ತಿದ್ದಳು. ಒಂದು ಗಂಟೆಯನ್ನು ಎಣಿಸುವುದು ಪರಮಪ್ರಸಾದದ ಹೊತ್ತಿನಿಂದ, ಬಲಿಪೂಜೆ ಶುರುವಾಗುವ ಹೊತ್ತಿನಿಂದಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಆ ಒಂದು ಗಂಟೆಯೂ ಇಲ್ಲ.

ಹಬ್ಬದ ಮುನ್ನಾದಿನದ ಉಪವಾಸ ಇಂದಿನವರಿಗೆ ಗೊತ್ತೇ ಇಲ್ಲ. 1966ರಲ್ಲಿ ಪೋಪ್ ಆರನೇ ಪೌಲರು ನಿಯಮ ಬದಲಿಸುವ ಮುಂಚೆ ಕ್ರಿಸ್ಮಸ್ಸಿನ ಮುನ್ನಾದಿನವೂ ಉಪವಾಸ, ಶಿವ್ರಾಕ್ ಎರಡೂ ಇದ್ದವು. ಕುಸ್ವಾರ್ ಎಂಬ ಹಬ್ಬದ ತಿಂಡಿ ಕರಿಯುವುದೂ ಅದೇ ದಿನ! ಎಳ್ಳು-ಬೆಲ್ಲ ತುಂಬಿದ ನೆವ್ರಿ ಎಣ್ಣೆಯಲ್ಲಿ ಉಬ್ಬುತ್ತಿದೆ, ಮನೆಯೆಲ್ಲ ಏಲಕ್ಕಿ ಘಮ, ದೊಡ್ಡವರು ಯಾರೂ ಬಾಯಿಗೆ ಹಾಕುವಂತಿಲ್ಲ. ಸಿಹಿ ಸರಿಯಾಗಿದೆಯೇ ಎಂದು ನೋಡಲು ಅಮ್ಮ ಪಕ್ಕದ ಬಂಟರ ಮನೆಯ ದೊಡ್ಡಕ್ಕನನ್ನು ಬೇಲಿಯಾಚೆಯಿಂದ ಕೂಗುತ್ತಿದ್ದರು. ಆಕೆ ಬಂದು ಮೂರು ತಿಂದು, “ಇನ್ನೂ ಗೊತ್ತಾಗಲಿಲ್ಲ” ಎಂದು ನಾಲ್ಕನೆಯದಕ್ಕೆ ಕೈ ಹಾಕುತ್ತಿದ್ದರು.

ಚರ್ಚು ಮಹೋತ್ಸವವೆಂದು ಎಣಿಸುವ ದೊಡ್ಡ ಹಬ್ಬ ಶುಕ್ರವಾರವೇ ಬಂದರೆ ಶಿವ್ರಾಕ್ ಇಲ್ಲ. 2020ರ ಕ್ರಿಸ್ಮಸ್ ಶುಕ್ರವಾರ, 2025ರ ಆಗಸ್ಟ್ 15ರ ಮರಿಯಮ್ಮನ ಸ್ವರ್ಗಸ್ವೀಕಾರದ ಹಬ್ಬವೂ ಶುಕ್ರವಾರ. ಎರಡು ದಿನವೂ ಹಂದಿ ಬೇಯಿಸಿದರೆ ತಪ್ಪಿರಲಿಲ್ಲ. ಆದರೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ಮರಿಯಮ್ಮ ಹುಟ್ಟಿದ ಹಬ್ಬ, ನೋಡಿ. ಅಂದು ಮಾಂಸ ಬೇಡವೆಂದು ಚರ್ಚು ಎಲ್ಲೂ ಹೇಳಿಲ್ಲ, ನಮ್ಮ ಮನೆಗಳಲ್ಲಿ ಮಾತ್ರ ಮೀನಿನ ಪಾತ್ರೆಯೂ ಒಲೆ ಏರುವುದಿಲ್ಲ. ಅದು ಉಪವಾಸವಲ್ಲ, ಹೊಟ್ಟೆ ಬಿರಿಯುವ ಊಟ. ಚರ್ಚಿನಿಂದ ತಂದ ತೆನೆಯ ಕಾಳು ಸುಲಿದು ಹಾಲಿಗೆ ಹಾಕಿ, ಹಿರಿಯರ ಕೈಯಿಂದ ಎಲ್ಲರಿಗೂ ಹಂಚಿ, ಆಮೇಲೆ ಬಾಳೆಯೆಲೆಯಲ್ಲಿ ಐದೋ ಏಳೋ ಒಂಬತ್ತೋ ಬಗೆಯ ತರಕಾರಿ. ಬೆಸ ಸಂಖ್ಯೆಯೇ ಆಗಬೇಕು. ಅದರಲ್ಲಿ ಕೆಸು ಇರಲೇಬೇಕು. ಎಳೆಯ ಎಲೆಗಳನ್ನು ಹಿಂದಿನ ದಿನವೇ ಕೊಯ್ದು ಬಾಡಿಸಿ, ಕೈಗೆ ಎಣ್ಣೆ ಸವರಿಕೊಂಡು ದಂಟಿನ ನಾರು ತೆಗೆದು, ಎಲೆಯನ್ನು ಸುತ್ತಿ ಗಂಟು ಹಾಕಿ, ಜಜ್ಜಿದ ಅಮಟೆಕಾಯಿಯೊಂದಿಗೆ ಚೆನ್ನಾಗಿ ಬೇಯಿಸಿ. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ, ಹಬ್ಬದ ದಿನ ನೆಂಟರು ಕೆಮ್ಮುತ್ತಾ ಕೂರುತ್ತಾರೆ.

ಇನ್ನು ಈಸ್ಟರಿನ ಹಿಂದಿನ ದಿನ, ಪವಿತ್ರ ಶನಿವಾರ. ಕಡ್ಡಾಯ ಏನೂ ಇಲ್ಲ, ಆದರೆ ಕೆಲಸ ಬೆಟ್ಟದಷ್ಟು. ಇಡ್ಲಿಯಂಥ ಸನ್ನಾಕ್ಕೆ ಅಕ್ಕಿ, ಉದ್ದನ್ನು ಬೆಳಿಗ್ಗೆಯೇ ನೆನೆಹಾಕಿ, ಮಧ್ಯಾಹ್ನ ರುಬ್ಬಿ, ಶೇಂದಿ ಸೇರಿಸಿ ದೊಡ್ಡ ಪಾತ್ರೆಯಲ್ಲಿ ಇಡಿ. ಸೆಕೆಗೆ ಬೇಗ ಉಕ್ಕುತ್ತದೆ, ಪಾತ್ರೆಯ ಕೆಳಗೆ ತಟ್ಟೆ ಇಡಲು ಮರೆಯಬೇಡಿ. ಹಂದಿ ಬಫಾತನ್ನು ಶನಿವಾರ ಸಂಜೆಯೇ ಬೇಯಿಸಿಟ್ಟರೆ ಮಸಾಲೆ ಹಿಡಿದು ಭಾನುವಾರಕ್ಕೆ ರುಚಿ ಏರುತ್ತದೆ. ಉಪ್ಪು ನೋಡುವ ಕೆಲಸ ಈಗ ನನ್ನದೇ.