ಬಿಎಂಡಬ್ಲ್ಯು ಎಂ2ಗೆ ಹೆಚ್ಚು ಗ್ರಿಪ್‌ನ ಟೈರ್: ಮೊದಲು ಮಳೆ, ಆಮೇಲೆ ಒಣ ರಸ್ತೆ

450ಕ್ಕೂ ಹೆಚ್ಚು ಅಶ್ವಶಕ್ತಿ, ಅದೂ ಹಿಂದಿನ ಎರಡೇ ಚಕ್ರಗಳಿಗೆ. ಬಿಎಂಡಬ್ಲ್ಯು ಎಂ2 (ಜಿ87 ಎಂಬ ಸಂಕೇತದ ಪೀಳಿಗೆ) ಇಟ್ಟುಕೊಂಡವರಿಗೆ ಟೈರ್ ಖರ್ಚು ತಪ್ಪಿದ್ದಲ್ಲ. ಹೊಸ ಸೆಟ್ ಕೊಳ್ಳುವ ಮುನ್ನ ಒಂದನ್ನು ತೀರ್ಮಾನಿಸಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಾರು ರಸ್ತೆಗಿಳಿಯುತ್ತದೆಯೇ?

ಇಳಿಯುತ್ತದೆ ಎಂದಾದರೆ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ದರ್ಜೆಯ ಟೈರೇ ಸರಿ. ಹೊಸದರಲ್ಲಿ ಟ್ರೆಡ್ (ರಸ್ತೆಗೆ ತಾಗುವ ಭಾಗದ ಗೀರುಗಳು) ಆಳ ಸುಮಾರು 7.5 ಮಿ.ಮೀ. ಇರುತ್ತದೆ, ನೀರು ಹೊರಹೋಗಲು ದಾರಿಯಿದೆ. ಇನ್ನೂ ಹೆಚ್ಚು ಹಿಡಿತ ಬೇಕೆನ್ನುವವರು ಪೈಲಟ್ ಸ್ಪೋರ್ಟ್ ಕಪ್ 2, ಯೊಕೊಹಾಮಾ ಅಡ್ವಾನ್ ಎ052, ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್ ಕಡೆ ನೋಡುತ್ತಾರೆ. ಇವುಗಳ ರಬ್ಬರ್ ಬಲು ಮೆತ್ತಗೆ, ಟ್ರೆಡ್ ಆಳ ಕಡಿಮೆ. ಒಣ ರಸ್ತೆಯ ತಿರುವಿನಲ್ಲಿ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ, ಸವೆಯುವುದೂ ಅಷ್ಟೇ ಬೇಗ. ಬರೀ ಒದ್ದೆಯಾದ ರಸ್ತೆಯಲ್ಲಿ ಎ052 ಪರವಾಗಿಲ್ಲ. ನಿಂತ ನೀರಿನದು ಬೇರೆ ಮಾತು. ಅರ್ಧ ಸವೆದ ಇಂಥ ಟೈರ್ ಹಾಕಿಕೊಂಡು ಜುಲೈನಲ್ಲಿ ಶಿರಾಡಿ ಘಾಟಿ ಇಳಿಯಬೇಡಿ, ಕಾರು ನೀರಿನ ಮೇಲೆ ತೇಲಿಬಿಡುತ್ತದೆ.

ಸೈಡ್‌ವಾಲ್ (ಟೈರ್‌ನ ಪಕ್ಕದ ಗೋಡೆ) ಮೇಲಿನ ಟ್ರೆಡ್‌ವೇರ್ (ಬಾಳಿಕೆಯ) ಸಂಖ್ಯೆಗೆ ಮರುಳಾಗಬೇಡಿ. ಅಮೆರಿಕದ ನಿಯಮದಂತೆ ಆ ಅಂಕಿಯನ್ನು ತಯಾರಕರೇ ಕೊಡುತ್ತಾರೆ. ಒಂದೇ ಕಂಪನಿಯ ಎರಡು ಟೈರ್‌ಗಳನ್ನು ಹೋಲಿಸಲು ಒಂದಿಷ್ಟು ಉಪಯೋಗ, ಅಷ್ಟೇ. ಅಲ್ಲಿನ ಆಟೋಕ್ರಾಸ್ (ಕೋನ್‌ಗಳ ನಡುವೆ ಕಡಿಮೆ ಸಮಯದಲ್ಲಿ ಓಡಿಸುವ) ಸ್ಪರ್ಧೆಗಳ ಸ್ಟ್ರೀಟ್ ವರ್ಗಕ್ಕೆ ಕನಿಷ್ಠ 200 ಬೇಕು. ಹಾಗಾಗಿ ಸರಿಯಾಗಿ 200 ಎಂದೇ ಅಚ್ಚೊತ್ತಿಸಿಕೊಂಡ ಟೈರ್‌ಗಳು ಬೇಕಾದಷ್ಟಿವೆ, ಬಾಳಿಕೆ ಮಾತ್ರ ಒಂದೊಂದರದು ಒಂದೊಂದು. ಪಕ್ಕದ ‘ಎಎ’ ಎಂಬ ಟ್ರ್ಯಾಕ್ಷನ್ ಗುರುತು ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಒತ್ತಿದಾಗಿನ ಹಿಡಿತದ್ದು. ತಿರುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಮೂಲ ಅಳತೆ ಮುಂದೆ 275/35 ಆರ್19, ಹಿಂದೆ 285/30 ಆರ್20 (ಮೊದಲನೆಯದು ಮಿ.ಮೀ.ನಲ್ಲಿ ಅಗಲ, ಎರಡನೆಯದು ಅಗಲದ ಶೇಕಡಾವಾರು ಸೈಡ್‌ವಾಲ್ ಎತ್ತರ, ಕೊನೆಯದು ರಿಮ್ ಇಂಚು). ಬೇರೆ ಅಳತೆಯ ಯೋಚನೆಯಿದ್ದರೆ ವ್ಯಾಸ ಲೆಕ್ಕ ಹಾಕಿ: ಅಗಲವನ್ನು ಎರಡನೇ ಅಂಕಿಯಿಂದ ಗುಣಿಸಿ, 100ರಿಂದ ಭಾಗಿಸಿ, ಎರಡರಷ್ಟು ಮಾಡಿ, ರಿಮ್ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿ. ಮುಂದಿನದು 675 ಮಿ.ಮೀ., ಹಿಂದಿನದು 679. ಹಿಂದೆ 295/30 ಹಾಕಿದರೆ 685, ನಡೆಯುತ್ತದೆ. 305/30 ಹಾಕಿದರೆ 691 ಆಗುತ್ತದೆ. ಮುಂದಿನ, ಹಿಂದಿನ ಚಕ್ರಗಳ ವೇಗ ತಾಳೆಯಾಗದೆ ಸ್ಟೆಬಿಲಿಟಿ ಕಂಟ್ರೋಲ್ (ಜಾರುವುದನ್ನು ತಡೆಯುವ ವ್ಯವಸ್ಥೆ) ಬೇಡದ ಕಡೆ ಅಡ್ಡ ಬರಬಹುದು. ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರದ ಸಂಕೇತ) ಮೂಲ ಟೈರ್‌ಗಿಂತ ಕಡಿಮೆಯಿರಬಾರದು: 99 ಎಂದರೆ ಒಂದು ಟೈರ್‌ಗೆ 775 ಕೆ.ಜಿ.

ಹಿಂದಿನ ಟೈರ್‌ಗಳೇ ಮೊದಲು ಸವೆಯುತ್ತವೆ. ಆಗ ಎರಡನ್ನೇ ಬದಲಿಸುವುದು ತಪ್ಪಲ್ಲ, ಆದರೆ ಮುಂದಿನ ಚಕ್ರಗಳಲ್ಲಿರುವ ಮಾದರಿಯನ್ನೇ ಕೊಳ್ಳಿ. ಮುಂದೆ ಕಪ್ 2, ಹಿಂದೆ ಸಾಧಾರಣ ಟೈರ್ ಎಂಬ ಜೋಡಣೆ ಎಲ್ಲಕ್ಕಿಂತ ಅಪಾಯ: ಮುಂಭಾಗ ಚಕ್ಕನೆ ತಿರುಗುತ್ತದೆ, ಹಿಂಭಾಗ ಜಾರಿ ಹೊರಗೆ ಬೀಸುತ್ತದೆ.

ಹೊಸ ಟೈರ್‌ಗಳ ಆಮದನ್ನು ಭಾರತ 2020ರ ಜೂನ್‌ನಲ್ಲಿ ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅಪರೂಪದ ಅಳತೆ ಸಿಗದೆ, ಸಿಕ್ಕಾಗ ಹಳೇ ಸ್ಟಾಕ್ ಗಂಟುಬೀಳುವುದುಂಟು. ಸೈಡ್‌ವಾಲ್‌ನಲ್ಲಿ ‘DOT’ ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕಂಕಿ ಓದಿ: 1224 ಅಂದರೆ 2024ರ 12ನೇ ವಾರ. ಮೆತ್ತನೆ ರಬ್ಬರ್ ಗೋದಾಮಿನಲ್ಲೇ ಗಟ್ಟಿಯಾಗುತ್ತದೆ; ಎರಡು ವರ್ಷ ದಾಟಿದ್ದರೆ ರಿಯಾಯಿತಿ ಎಷ್ಟಿದ್ದರೂ ಬಿಡಿ.

ಹಾಕಿಸಿದ ಮೇಲೆ ಚಕ್ರದ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದಲೇ (ಬಿಗಿತ ಅಳೆಯುವ ಸ್ಪ್ಯಾನರ್) 140 ಎನ್‌ಎಂಗೆ (ನ್ಯೂಟನ್-ಮೀಟರ್) ಬಿಗಿಸಿ, ಸುಮಾರು 100 ಕಿ.ಮೀ. ಓಡಿದ ಬಳಿಕ ಮತ್ತೆ ನೋಡಿ. ಅಲೈನ್‌ಮೆಂಟ್ ಬಿಡಬೇಡಿ, ಟೋ (ಚಕ್ರಗಳು ಒಳಗೆ ಇಲ್ಲವೇ ಹೊರಗೆ ತಿರುಗಿರುವ ಕೋನ) ತಪ್ಪಿದ್ದರೆ ಒಳ ಅಂಚು ಕಣ್ಣಿಗೆ ಬೀಳದಂತೆ ಸವೆದು ಒಳಗಿನ ದಾರ ಕಾಣಿಸಿಕೊಳ್ಳುತ್ತದೆ. ಮೊದಲ 200–300 ಕಿ.ಮೀ. ನಿಧಾನ, ಹೊಸ ಟ್ರೆಡ್‌ನ ಮೇಲ್ಮೈ ಜಾರುತ್ತದೆ. ಗಾಳಿಯನ್ನು ಕಾರು ಮೂರು ಗಂಟೆ ನಿಂತ ಮೇಲೆ, ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಇರುವಷ್ಟೇ ಹಾಕಿ. ಓಡಿಸಿದಾಗ 4–6 ಪಿಎಸ್‌ಐ ಏರುವುದು ಸಹಜ, ಬಿಸಿಯಲ್ಲಿ ಗಾಳಿ ಬಿಡಬೇಡಿ. ಹಿಂದಿನ ಸೈಡ್‌ವಾಲ್ ಎತ್ತರ ಬರೀ 85 ಮಿ.ಮೀ.; ಒತ್ತಡ ಕಡಿಮೆಯಿದ್ದರೆ ಬೆಂಗಳೂರಿನ ಒಂದೇ ಗುಂಡಿಗೆ ಒಳಗಿನ ದಾರ ಹರಿದು ಬುಗುಟು ಏಳುತ್ತದೆ. ಅದಕ್ಕೆ ರಿಪೇರಿಯಿಲ್ಲ.

ಕಾನೂನಿನ ಮಿತಿ 1.6 ಮಿ.ಮೀ. ಆದರೂ, ಮಳೆಗಾಲ ಶುರುವಾಗುವಾಗ ಹಿಂದಿನ ಟ್ರೆಡ್ 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಬದಲಿಸಿ. ಜರ್ಮನಿ, ಅಮೆರಿಕದ ಚಳಿ ಊರುಗಳಲ್ಲಿರುವವರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಯಾವ ಟೈರನ್ನೂ ಓಡಿಸಬಾರದು. ರಬ್ಬರ್ ಬಿರುಸಾಗಿ ಹಿಡಿತ ಹೋಗುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿ ಬಿರುಕೂ ಬಿಡುತ್ತದೆ.